ದುರ್ಗದ ಸೀಮೆಯ ಬೇಟೆ ಮತ್ತು ಅಲಕ್ಷ್ಯಕ್ಕೊಳಗಾದ ತೋಟಾಗಳು

ಚಿತ್ರದುರ್ಗದ ಕೋಟೆಯನ್ನು ನೋಡಿ ಬಂದವರಿಗೆ ಅಲ್ಲಿಯ ಮದ್ದು ಬೀಸುವ ಕಲ್ಲುಗಳು ನೆನಪಿನಲ್ಲಿರಬಹುದು. ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರನ್ನೂ ಆ ಭಾರಿ ಕಲ್ಲುಗಳ ನಡುವೆ ಅರೆದು ಪಾಳೆಯಗಾರರ ಕಾಲದವರು ಕೋವಿಯ ಮದ್ದನ್ನು ಅಣಿಮಾಡುತ್ತಿದ್ದರು. ಆ ಪಾಳೆಯಗಾರರು ಬೇಡರ ಕುಲದವರು. ರಾಜ್ಯವನ್ನು ಕಟ್ಟುವುದಕ್ಕೆ ಮೊದಲೇ ಬೇಟೆಯನ್ನು ಬಲ್ಲವರು. 1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು, ಬೀಸುವ ಕಲ್ಲುಗಳು ನಿಂತುಹೋದುವು. ಆದರೆ ಆ ಸೀಮೆಯ ಬೇಟೆ ನಿಲ್ಲಲಿಲ್ಲ. ಮುಂದೆ ಸುಮಾರು ಇನ್ನೂರು ವರ್ಷಗಳ ಕಾಲ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸುತ್ತಿನ ಗುಡ್ಡಗಳಲ್ಲಿ ನಾಡಕೋವಿಯಿಂದ ಹಿಡಿದು ವಿಲಾಯತಿಯ ರೈಫಲಿನವರೆಗೆ ನಾನಾ ಬಗೆಯ ಆಯುಧಗಳು ಸದ್ದುಮಾಡಿದುವು. ಆ ಆಯುಧಗಳ ಹೊಟ್ಟೆಯೊಳಗಿನ ತೋಟಾಗಳ ವಿಷಯವಾಗಿ, ಅದರಲ್ಲಿಯೂ ಯೋಗ್ಯತೆ ಇದ್ದೂ ಹೆಸರು ಪಡೆಯದೆ ಹೋದ ಕೆಲವು ತೋಟಾಗಳ ವಿಷಯವಾಗಿ, ಈ ದಿನ ನಾವು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೇಟೆಯು ಈಗ ನಮ್ಮಲ್ಲಿ ವಿನೋದವಲ್ಲ, ಅಪರಾಧ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆಗೂ ಮೀನುಗಾರಿಕೆಗೂ ಕಟ್ಟಳೆ ಹುಟ್ಟಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೂ ಬೇಟೆಯ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿದುವು. ಮನುಷ್ಯರ ಪ್ರಾಣಕ್ಕೆ ಅಪಾಯಕರವಾದ ಮೃಗದಂಥ ವಿಷಯಗಳಲ್ಲಿ, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆಯಿಂದ, ಗುಂಡು ಹಾರಬಹುದು. ಹೀಗಿದ್ದಮೇಲೆ ತೋಟಾಗಳ ಮಾತೇಕೆ ಎಂದು ಕೇಳಬಹುದು. ಅದಕ್ಕೆ ಉತ್ತರವನ್ನು ಈ ಭಾಷಣದ ಕೊನೆಯಲ್ಲಿ ಹೇಳುತ್ತೇವೆ.

ತೋಟಾ ಎಂದರೆ ನಾಲ್ಕು ಅಂಗಗಳ ಕೂಟ: ಹಿತ್ತಾಳೆಯ ಅಥವಾ ಕಾಗದದ ಚಿಪ್ಪು, ಅದರ ಬುಡದಲ್ಲಿ ಕಿಡಿಕೊಡುವ ಕೇಪು, ಒಳಗೆ ಮದ್ದು, ಮುಂದೆ ಗುಂಡು. ಗುಂಡಿನ ಅಥವಾ ನಳಿಗೆಯ ಅಡ್ಡಳತೆಯನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಹೇಳುವುದು ಇಂಗ್ಲಿಷರ ವಾಡಿಕೆ; .405 ಎಂದರೆ ಅಂಗುಲದ ಸಾವಿರದಲ್ಲಿ ನಾನೂರ ಐದು ಪಾಲು. ಗುಂಡಿನ ತೂಕವನ್ನು ಗ್ರೇನಿನಲ್ಲಿ ಎಣಿಸುತ್ತಾರೆ. 7000 ಗ್ರೇನಿಗೆ ಒಂದು ಪೌಂಡು. ತೂಕ ಮತ್ತು ವೇಗಗಳಿಂದ ಗುಂಡಿನ ಶಕ್ತಿಯನ್ನು ಲೆಕ್ಕಹಾಕಿ ಅಡಿ-ಪೌಂಡುಗಳಲ್ಲಿ ಬರೆಯುವರು. ವ್ಯಾಪಾರಿಗಳ ಪಟ್ಟಿಗಳಲ್ಲಿ ಅಚ್ಚಾಗುವುದು ಈ ಅಂಕೆಗಳೇ. ಅಂಕೆ ದೊಡ್ಡದಾದಷ್ಟೂ ತೋಟಾ ಉತ್ತಮವೆಂದು ಕೊಳ್ಳುವವನು ನಂಬುತ್ತಾನೆ. ಆದರೆ ಬೇಟೆ ನಡೆಯುವುದು ಪಟ್ಟಿಯ ಮೇಲಲ್ಲ, ನೆಲದ ಮೇಲೆ.

ಆ ನೆಲವನ್ನು ಸ್ವಲ್ಪ ನೋಡೋಣ. ಚಿತ್ರದುರ್ಗದ ಬೆನ್ನಿಗೆ ಜೋಗಿಮಟ್ಟಿಯ ಗುಡ್ಡಸಾಲು. ಹೊಳಲ್ಕೆರೆ ಹೊಸದುರ್ಗಗಳ ಕಡೆಗೆ ಕುರುಚಲು ಕಾಡಿನ ಬೆಟ್ಟಗಳು. ಬಂಡೆಯ ಮೇಲೆ ಬಂಡೆ, ನಡುವೆ ಕಾರೆ, ಜಾಲಿ, ಕಮರ. ಇಲ್ಲಿ ಚಿರತೆ, ಕರಡಿ, ಕಾಡುಹಂದಿಗಳ ವಾಸ. ಕರಡಿಯು ಬಂಡೆಯ ಸಂದಿನಿಂದ ಹೊರಟರೆ ಮನುಷ್ಯನಿಗೂ ಅದಕ್ಕೂ ಹತ್ತು ಹದಿನೈದು ಗಜಗಳ ಅಂತರವೂ ಇರುವುದಿಲ್ಲ. ಹಿರಿಯೂರಿನ ಬಯಲು ಇದಕ್ಕೆ ತೀರ ಬೇರೆ. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯನ್ನು ದಾಟಿ ವೇದಾವತಿಯ ಜೊತೆಗೆ ಇಳಿದರೆ ಕಣ್ಣು ಹಾಯುವಷ್ಟು ದೂರ ಬಟ್ಟಬಯಲು. ಕೃಷ್ಣಮೃಗಗಳ ಹಿಂಡುಗಳು ಇಂಥ ಬಯಲಿನವು. ನೂರೈವತ್ತು ಇನ್ನೂರು ಗಜದೊಳಗೆ ಮನುಷ್ಯನನ್ನು ಅವು ಸೇರಿಸುತ್ತಿರಲಿಲ್ಲ. ಒಂದೇ ಜಿಲ್ಲೆಯಲ್ಲಿ ಹೀಗೆ ಎರಡು ಬಗೆಯ ನೆಲ. ಆದುದರಿಂದ ಎರಡು ಬಗೆಯ ತೋಟಾಗಳ ಅವಶ್ಯಕತೆ.

ಬಂಡೆಯ ಸೀಮೆಗೆ ತಕ್ಕುದಾಗಿದ್ದ ಮೊದಲನೆಯ ತೋಟಾ ಅತ್ಯಂತ ಸಾಮಾನ್ಯವಾದುದು: ಹನ್ನೆರಡು ಬೋರಿನ ಬಂದೂಕಿನ ಒಂಟಿ ಗುಂಡು. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಉಂಡೆಗಳನ್ನು ಮಾಡಿದರೆ ಒಂದೊಂದು ಉಂಡೆಯ ಗಾತ್ರವೆಷ್ಟೋ ಅಷ್ಟೇ ಆ ನಳಿಗೆಯ ಬಾಯಿ. ಎಂದರೆ ಮುಕ್ಕಾಲು ಅಂಗುಲಕ್ಕೆ ಕೊಂಚ ಕಡಿಮೆ. ರೈಫಲಿನವರು ಇದನ್ನು ಹಕ್ಕಿ ಹೊಡೆಯುವ ಕೋವಿಯೆಂದು ನಗುತ್ತಿದ್ದರು. ಆದರೆ ಇಪ್ಪತ್ತೈದು ಮೂವತ್ತು ಗಜದೊಳಗೆ ಅಷ್ಟು ಅಗಲದ ಸೀಸದ ಉಂಡೆಯ ಪೆಟ್ಟನ್ನು ತಡೆದುಕೊಂಡು ಓಡಬಲ್ಲ ಚಿರತೆಯಾಗಲಿ ಹಂದಿಯಾಗಲಿ ವಿರಳ. ಈ ಬಂದೂಕಿನ ಗುಣವನ್ನರಿತ ಜಾರ್ಜ್ ಫಾಸ್ಬರಿ ಎಂಬ ಸೇನಾಧಿಕಾರಿ 1885ರಲ್ಲಿ ಒಂದು ಉಪಾಯವನ್ನು ಹೂಡಿದನು: ನಳಿಗೆಯ ಉದ್ದಕ್ಕೂ ನುಣುಪು, ತುದಿಯ ಕೆಲವು ಅಂಗುಲಗಳಲ್ಲಿ ಮಾತ್ರ ತಿರುಚು ಗಾಡಿ. ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು ಇದನ್ನು ಪ್ಯಾರಡಾಕ್ಸ್ ಎಂಬ ಹೆಸರಿನಲ್ಲಿ ಮಾರಿದರು. ಒಂದೇ ಬಂದೂಕಿನಿಂದ ಬೆಳಿಗ್ಗೆ ಕೌಜುಗವನ್ನೂ ಸಂಜೆ ಕರಡಿಯನ್ನೂ ಹೊಡೆಯಬಹುದಾಗಿತ್ತು.

ಎರಡನೆಯದು .405 ವಿಂಚೆಸ್ಟರ್. ಅಮೆರಿಕದಲ್ಲಿ 1904ರಲ್ಲಿ ಹುಟ್ಟಿದ ಈ ತೋಟಾ 300 ಗ್ರೇನಿನ ಗುಂಡನ್ನು ಸೆಕೆಂಡಿಗೆ ಸುಮಾರು 2200 ಅಡಿಗಳ ವೇಗದಲ್ಲಿ ಎಸೆಯುತ್ತದೆ. ಶಕ್ತಿ ಸುಮಾರು 3200 ಅಡಿ-ಪೌಂಡು. ಕೆಳಗಿನ ಸನ್ನೆಯನ್ನು ಮುಂದೂಡಿ ಹಿಂದೆಳೆದರೆ ಮುಂದಿನ ತೋಟಾ ಸಿದ್ಧ. ಇಂಗ್ಲಿಷ್ ಜೋಡುನಳಿಗೆಯ ರೈಫಲುಗಳ ಬೆಲೆಯ ಮುಂದೆ ಇದು ಅಗ್ಗ. ಅಗ್ಗವಾದುದರಿಂದಲೇ ಶ್ರೀಮಂತ ಬೇಟೆಗಾರರಿಗೆ ಅಸಡ್ಡೆ. ಆದರೆ ಥಿಯೊಡೋರ್ ರೂಸ್ವೆಲ್ಟನು 1909ರಲ್ಲಿ ಆಫ್ರಿಕಕ್ಕೆ ಇದನ್ನೇ ಒಯ್ದನು. ಸಿಂಹಕ್ಕೆ ತನ್ನ ಪಾಲಿಗೆ ಇದೇ ಮದ್ದು ಎಂಬರ್ಥದ ಮಾತನ್ನೂ ಬರೆದನು. ನಮ್ಮವರಿಗೆ ಇದರ ಪರಿಚಯ ಇನ್ನೂ ಹತ್ತಿರದ್ದು. ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಗಲ ಮೇಲೆ ಹೊತ್ತು ತಿರುಗಿದುದು ಈ .405 ರೈಫಲನ್ನೇ. 1954ರಲ್ಲಿ ಪ್ರಕಟವಾದ ಆತನ ಮೊದಲ ಪುಸ್ತಕದಲ್ಲಿ ಒಂದು ಅಧ್ಯಾಯಕ್ಕೆ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕನ ಹೆಸರೇ ಇದೆ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಆತನ ಕಾಡಿನ ಕಥೆಗಳನ್ನು ಕನ್ನಡದಲ್ಲಿ ಓದಿದವರು ಅನೇಕರು. ಕಥೆಗಳನ್ನು ಮೆಚ್ಚಿದಷ್ಟು ಆ ತೋಟಾವನ್ನು ಯಾರೂ ಗಮನಿಸಲಿಲ್ಲ. ಇದರ ದೋಷವನ್ನೂ ಹೇಳಬೇಕು. ಗುಂಡಿನ ಮೂತಿ ಮೊಂಡು. ಗಾಳಿಯಲ್ಲಿ ಬೇಗನೆ ವೇಗಗುಂದುತ್ತದೆ. ನೂರು ಗಜಕ್ಕೆ ಗುರಿ ಸರಿಪಡಿಸಿದ ರೈಫಲು ಇನ್ನೂರು ಗಜದಲ್ಲಿ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಹೊಡೆಯುತ್ತದೆ. ಹಿರಿಯೂರಿನ ಬಯಲಿಗೆ ಇದು ಒಲ್ಲದು. ಹೊಳಲ್ಕೆರೆಯ ಪೊದೆಗಳಲ್ಲಿ ಆ ಕೊರತೆ ಕಾಣಿಸಿಕೊಳ್ಳುವಷ್ಟು ದೂರವೇ ಇರಲಿಲ್ಲ.

ಮೂರನೆಯದು ನಮ್ಮ ದೇಶದ್ದೇ ಎನ್ನಬಹುದಾದ .315. ಇದರ ಹಿಂದೆ ರಾಜಕೀಯದ ಕಥೆಯೊಂದುಂಟು. ಸೈನ್ಯದ ತೋಟಾ ದಂಗೆಕೋರರ ಕೈಸೇರಬಾರದೆಂಬ ಭಯದಿಂದ ಬ್ರಿಟಿಷ್ ಸರಕಾರವು 1907ರಲ್ಲಿ ಇಂಡಿಯಾ ಮತ್ತು ಸುಡಾನುಗಳಲ್ಲಿ .450 ಅಳತೆಯನ್ನು ನಿಷೇಧಿಸಿತು. ಇಂಗ್ಲೆಂಡಿನ ಬಂದೂಕುಗಾರರು ಒಡನೆಯೇ .465, .470, .475 ಎಂದು ಅಕ್ಕಪಕ್ಕದ ಅಳತೆಗಳನ್ನು ಹುಟ್ಟಿಸಿ ವ್ಯಾಪಾರವನ್ನು ಉಳಿಸಿಕೊಂಡರು. ಸೈನ್ಯದ .303 ಕೂಡ ಸಾಮಾನ್ಯ ಪ್ರಜೆಗೆ ವರ್ಜ್ಯ. ಆ ಜಾಗದಲ್ಲಿ ಬಂದುದು ಆಸ್ಟ್ರಿಯಾ ಸೈನ್ಯದ ಹಳೆಯ ಮಾನ್ಲಿಕರ್ ತೋಟಾ, ನಮ್ಮಲ್ಲಿ ಅದು.315 ಎನಿಸಿಕೊಂಡಿತು. ಇದರ ರೈಫಲು ಇಶಾಪುರದ ಕಾರ್ಖಾನೆಯಲ್ಲಿಯೂ ತೋಟಾ ಖಡಕಿಯ ಕಾರ್ಖಾನೆಯಲ್ಲಿಯೂ ತಯಾರಾಗುತ್ತ ಬಂದುವು. 244 ಗ್ರೇನಿನ ಉದ್ದನೆಯ ಗುಂಡು, ಸೆಕೆಂಡಿಗೆ ಸುಮಾರು 2000 ಅಡಿಗಳ ವೇಗ. ಅಂಕೆಯಲ್ಲಿ ಮಂದ, ಆದರೆ ಉದ್ದ ಗುಂಡಾದುದರಿಂದ ಆಳಕ್ಕೆ ಇಳಿಯುತ್ತದೆ. ಮಂದವಾದುದರಿಂದ ಮಾಂಸವನ್ನು ವ್ಯರ್ಥವಾಗಿ ಛಿದ್ರಪಡಿಸುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದಕ್ಕೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪಲಾರದು.

ಇನ್ನು ಬಯಲಿನ ತೋಟಾ. ಜರ್ಮನಿಯ ಮೌಸರ್ ಸಂಸ್ಥೆಯವರು 1892ರಲ್ಲಿ ರೂಪಿಸಿದ 7 ಮಿಲಿಮೀಟರಿನ ತೋಟಾವನ್ನು ಲಂಡನ್ನಿನ ರಿಗ್ಬಿಯವರು .275 ಎಂಬ ಹೆಸರಿನಿಂದ ಮಾರಿದರು. 140 ಗ್ರೇನಿನ ಹಗುರ ಗುಂಡು ಇನ್ನೂರು ಗಜದಲ್ಲಿ ನಾಲ್ಕೈದು ಬೆರಳಿನಷ್ಟು ಮಾತ್ರ ಇಳಿಯುತ್ತದೆ. ಹೆಗಲಿಗೆ ಒದೆತ ಸ್ವಲ್ಪ. ಒದೆತಕ್ಕೆ ಹೆದರದ ಕೈ ನಡುಗುವುದಿಲ್ಲ. ನಡುಗದ ಕೈಯ ಗುಂಡು ಗುರಿ ಸೇರುತ್ತದೆ. ಈ ತೋಟಾದ ಯೋಗ್ಯತೆಯಲ್ಲಿ ಅರ್ಧ ಪಾಲು ಇದೇ. ಚಂಪಾವತದ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್ಟನಿಗೆ ಉಡುಗೊರೆಯಾಗಿ ಬಂದುದು ಈ .275 ರೈಫಲು. ಬೆಲ್ ಎಂಬ ಬೇಟೆಗಾರನು ಆಫ್ರಿಕದಲ್ಲಿ ನೂರಾರು ಆನೆಗಳನ್ನು ಇದರಿಂದಲೇ ಕೆಡೆದನು. ಆತನು ಆನೆಯ ತಲೆಬುರುಡೆಯನ್ನು ಕೊಯ್ಸಿ ಮಿದುಳಿನ ಸ್ಥಾನವನ್ನು ಅಭ್ಯಾಸ ಮಾಡಿದ್ದವನು. ಅಷ್ಟು ವಿದ್ಯೆಯಿಲ್ಲದವನು ಆತನನ್ನು ಅನುಕರಿಸಹೊರಟರೆ ತೋಟಾದ ತಪ್ಪೇನೂ ಇಲ್ಲ.

ಕೈಬಂದೂಕುಗಳ ವಿಷಯವನ್ನು ಬೇಗನೆ ಮುಗಿಸಬಹುದು. ಕೆಲವರು ಗಾಯಗೊಂಡ ಮೃಗದ ಬೆನ್ನುಹತ್ತುವಾಗ ಧೈರ್ಯಕ್ಕಾಗಿ ಸೊಂಟದಲ್ಲಿ ರಿವಾಲ್ವರನ್ನು ಇಟ್ಟುಕೊಳ್ಳುತ್ತಿದ್ದರು. ನಮ್ಮಲ್ಲಿ ಪರಿಚಿತವಾದ .32ರ ತೋಟಾದ ಶಕ್ತಿ ನೂರು ಅಡಿ-ಪೌಂಡಿನ ಆಸುಪಾಸು; .405ರಲ್ಲಿ ಮೂವತ್ತನೆಯ ಒಂದು ಪಾಲು. ಕರಡಿಯ ಮುಂದೆ ಅದು ಪಟಾಕಿಯಿದ್ದಂತೆ. ಅಮೆರಿಕದವರು 1907ರಲ್ಲಿ ತಂದ .44 ಸ್ಪೆಷಲ್ ಎಂಬ ಶಾಂತಸ್ವಭಾವದ ತೋಟಾವನ್ನು ಯಾರೂ ಲಕ್ಷಿಸದಿದ್ದಾಗ, ಎಲ್ಮರ್ ಕೀತ್ ಎಂಬಾತನು ಅದರಲ್ಲಿ ಅಡಗಿದ್ದ ಸಾಮರ್ಥ್ಯವನ್ನು ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಿದನು, 1955ರಲ್ಲಿ ಬಂದ.44 ಮ್ಯಾಗ್ನಮ್ ಅದರ ಸಂತಾನ. ಅಲ್ಲಿ ರಿವಾಲ್ವರಿನಿಂದ ಬೇಟೆಯಾಡುವ ಪದ್ಧತಿಯುಂಟು. ದುರ್ಗದ ಸೀಮೆಯಲ್ಲಿ ಅದು ಎಂದೂ ಬೇಟೆಯ ಸಾಧನವಾಗಿರಲಿಲ್ಲ.

ಅಳತೆಗಿಂತಲೂ ಮುಖ್ಯವಾದುದು ಗುಂಡಿನ ರಚನೆ. ಪೂರ್ತಿ ಲೋಹದ ಹೊದಿಕೆಯುಳ್ಳ ಸೈನಿಕ ಗುಂಡು ದೇಹವನ್ನು ಸೂಜಿಯಂತೆ ತೂರಿಹೋಗುತ್ತದೆ; ಸೀಸದ ಮೂತಿಯನ್ನು ತೆರೆದಿಟ್ಟ ಗುಂಡು ಒಳಹೊಕ್ಕು ಅಣಬೆಯಂತೆ ಅರಳುತ್ತದೆ. ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆಯ ಹೆಸರನ್ನು ಹೊತ್ತ ಈ ಬಗೆಯ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಘೋಷಿಸಿದುವು. ಯುದ್ಧದಲ್ಲಿ ಯಾವುದು ಕ್ರೌರ್ಯವೋ ಬೇಟೆಯಲ್ಲಿ ಅದೇ ದಯೆ. ಏಕೆಂದರೆ ಅದು ಪ್ರಾಣಿಯನ್ನು ನರಳಿಸದೆ ಬೇಗನೆ ಮುಗಿಸುತ್ತದೆ.

ಮುಗಿಸದೆ ಹೋದರೆ ಏನಾಗುತ್ತದೆ? ಚಂಪಾವತದ ಹುಲಿಯ ಬಾಯಲ್ಲಿ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದುವೆಂದೂ, ಅದು ಹಳೆಯ ಗುಂಡೇಟಿನ ಫಲವೆಂದೂ ಕಾರ್ಬೆಟ್ ಬರೆದಿದ್ದಾನೆ. ಹಲ್ಲು ಹೋದ ಆ ಹುಲಿ 436 ಜನರನ್ನು ಬಲಿತೆಗೆದುಕೊಂಡಿತೆಂದು ಲೆಕ್ಕ. ಯಾವನೋ ಒಬ್ಬನ ಒಂದು ಕೆಟ್ಟ ಗುಂಡಿಗೆ ತೆತ್ತ ಬೆಲೆ ಅದು.

ಇಷ್ಟು ದೂರದ ಉದಾಹರಣೆಯೂ ಬೇಕಿಲ್ಲ. ಹೊಳಲ್ಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಹಿರಿಯರೊಬ್ಬರಿದ್ದರು. 1972ರ ಕಾಯಿದೆಗೆ ಮೊದಲಿನ ಮಾತು. ಕರುಗಳನ್ನು ಒಯ್ಯುತ್ತಿದ್ದ ಚಿರತೆಗಾಗಿ ಅವರು ಹನ್ನೆರಡು ಬೋರಿನ ಬಂದೂಕನ್ನು ಹಿಡಿದು ಮರದ ಮೇಲೆ ಕುಳಿತಿದ್ದರು. ಜೇಬಿನಲ್ಲಿ ಒಂಟಿ ಗುಂಡಿನ ತೋಟಾಗಳೂ ಇದ್ದುವು, ಹಲವು ಗೋಲಿಗಳ ಎಲ್.ಜಿ. ತೋಟಾಗಳೂ ಇದ್ದುವು. ಗೋಲಿ ಹೆಚ್ಚಿದಷ್ಟೂ ತಗಲುವ ಸಂಭವ ಹೆಚ್ಚೆಂದು ಎಣಿಸಿ ಅವರು ಎಲ್.ಜಿ.ಯನ್ನೇ ತುಂಬಿದರು. ಚಿರತೆ ಹತ್ತಿರ ಬರಲಿಲ್ಲ. ಅರುವತ್ತು ಹೆಜ್ಜೆಯ ಆಚೆ ನಿಂತಿತು. ತಾಳ್ಮೆಗೆಟ್ಟು ಹೊಡೆದರು. ಅಷ್ಟು ದೂರಕ್ಕೆ ಗೋಲಿಗಳು ಚದರಿಹೋಗಿ ಒಂದೆರಡು ಮಾತ್ರ ತಾಗಿದುವು. ಮೂರನೆಯ ದಿನ ಬೇಲಿಯ ಮರೆಯಲ್ಲಿ ಮಲಗಿದ್ದ ಆ ಗಾಯಾಳು ಕುರಿ ಕಾಯುವವನೊಬ್ಬನ ಮೇಲೆ ಬಿದ್ದಿತು. ಜನರು ಚಿರತೆಯನ್ನು ಬಡಿದು ಕೊಂದರು. ಮನುಷ್ಯ ಬದುಕಿಕೊಂಡನು, ಆದರೆ ಅವನ ಬಲದೋಳು ಮತ್ತೆ ಮೇಲೇಳಲಿಲ್ಲ. ಅಂದಿನಿಂದ ಪ್ರತಿ ಸುಗ್ಗಿಯಲ್ಲಿಯೂ ನಮ್ಮ ಹಿರಿಯರ ಕಣದಿಂದ ಅವನ ಮನೆಗೆ ರಾಗಿ ಹೋಗುತ್ತಿತ್ತು. ಅದೇಕೆಂದು ಚಿಕ್ಕವರಾದ ನಾವು ಕೇಳಿದಾಗ ಅವರು ಗೋಡೆಯ ಮೇಲಿನ ಬಂದೂಕನ್ನು ತೋರಿಸಿ, “ಅದರ ಸಾಲ” ಎಂದಷ್ಟೇ ಹೇಳಿದರು. ಮಿಕ್ಕ ತೋಟಾಗಳ ಕಾಗದದ ಚಿಪ್ಪುಗಳು ಡಬ್ಬಿಯಲ್ಲಿಯೇ ತೇವಕ್ಕೆ ಉಬ್ಬಿ ನಿರುಪಯುಕ್ತವಾದುವು. ಅವರು ಮತ್ತೆ ಕೊಳ್ಳಲಿಲ್ಲ.

ಮೊದಲು ಕೇಳಿಕೊಂಡ ಪ್ರಶ್ನೆಗೆ ಉತ್ತರವನ್ನು ಈಗ ಹೇಳಬಹುದು. ತೋಟಾದ ಯೋಗ್ಯತೆಯನ್ನು ತಿಳಿಯುವುದೆಂದರೆ ಅದರ ಮಿತಿಯನ್ನು ತಿಳಿಯುವುದು. ನಾವು ಹೆಸರಿಸಿದ ತೋಟಾಗಳೆಲ್ಲ ತಮ್ಮ ದೂರದೊಳಗೆ ಸಮರ್ಥವಾದುವು, ದೂರ ಮೀರಿದರೆ ಅಪಾಯಕರವಾದುವು. ಮಿತಿಯನ್ನರಿತು ಗುಂಡು ಹಾರಿಸದೆ ಬಂದೂಕನ್ನು ಇಳಿಸಿದವನೇ ಬಲ್ಲ ಬೇಟೆಗಾರನಾಗಿದ್ದನು. ಇಂದು ಜೋಗಿಮಟ್ಟಿಯು ರಕ್ಷಿತಧಾಮವಾಗಿದೆ; ದುರ್ಗದ ಬಂಡೆಗಳಲ್ಲಿ ಚಿರತೆಯೂ ಕರಡಿಯೂ ಇನ್ನೂ ಉಳಿದಿವೆ, ಕೆಲವೊಮ್ಮೆ ಹೊಲಕ್ಕೂ ಇಳಿಯುತ್ತವೆ. ಎಂದಾದರೊಂದು ದಿನ ಅಪ್ಪಣೆಯನ್ನು ಪಡೆದು ಅವುಗಳ ಮುಂದೆ ನಿಲ್ಲಬೇಕಾಗುವ ಅಧಿಕಾರಿಗೂ, ಬೆಳೆಯನ್ನು ಕಾಯುವುದಕ್ಕೆಂದು ಪರವಾನಗಿಯ ಬಂದೂಕನ್ನು ಮನೆಯಲ್ಲಿಟ್ಟುಕೊಂಡ ರೈತನಿಗೂ ಈ ತಿಳಿವಳಿಕೆ ಬೇಕು. ಉಳಿದ ನಮಗೆ, ಆ ಬೀಸುವ ಕಲ್ಲುಗಳಂತೆಯೇ ತೋಟಾಗಳು ನೋಡುವ ವಸ್ತುಗಳಾಗಿಯೇ ಇದ್ದರೆ ಸಾಕು.