ಪತ್ರಿಕಾ ಕಚೇರಿಯಲ್ಲಿ ಹೆಣ್ಣಿನ ಪಾಲು
(ಮೈಸೂರಿನಲ್ಲಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪತ್ರಿಕೆಗಳಲ್ಲಿ ಹೆಂಗಸರ ಸ್ಥಾನಮಾನದ ಮಾತು ಓದಿದವರ ಗೊಡವೆ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಹಾಗಲ್ಲ. ಪತ್ರಿಕಾ ಕಚೇರಿಯೂ ಒಂದು ಕಾರ್ಖಾನೆಯೇ. ಅಲ್ಲಿಯೂ ಪಾಳಿ ಉಂಟು, ಕೂಲಿ ಉಂಟು, ಮಾಲೀಕ ಉಂಟು.

ಹೆಂಗಸರಿಗೆ ಯೋಗ್ಯತೆ ಸಾಲದೆ? ಪಕ್ಕದ ನಂಜನಗೂಡನ್ನು ನೋಡಿ. 1887ರಲ್ಲಿ ಹುಟ್ಟಿದ ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು. ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಪತ್ರಿಕೆಗಳನ್ನು ಹೊರಡಿಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಇಬ್ಬರೂ ಬಾಲವಿಧವೆಯರು; ಇಬ್ಬರೂ ತಾವೇ ಹುಟ್ಟುಹಾಕಿದ ಪತ್ರಿಕೆಗಳಿಗೆ ಸಂಪಾದಕರಾದವರು. ಅರಬ್ ನಾಡಿನಲ್ಲೇನು ಬೇರೆಯಿತ್ತೆ? 1892ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಹಿಂದ್ ನೌಫಲ್ ಎಂಬಾಕೆ ಹೆಂಗಸರಿಗಾಗಿ ‘ಅಲ್ ಫತಾತ್’ ಪತ್ರಿಕೆ ಹೊರಡಿಸಿದರು. ಆಕೆಗೆ ಮದುವೆಯಾಯಿತು, ಎರಡೇ ವರ್ಷದಲ್ಲಿ ಪತ್ರಿಕೆ ನಿಂತಿತು. ಸಂಸಾರ ಇಲ್ಲವೇ ಪತ್ರಿಕೆ, ಎರಡರಲ್ಲೊಂದು ಎಂಬ ಷರತ್ತನ್ನು ಗಂಡಸಿಗೆ ಯಾರಾದರೂ ಹಾಕಿದ್ದುಂಟೆ?

ಇಂದು ನಮ್ಮ ಮಾನಸಗಂಗೋತ್ರಿಯಲ್ಲಿ ಹುಡುಗಿಯರು ಪತ್ರಿಕೋದ್ಯಮ ಕಲಿತು ಹೊರಬರುತ್ತಾರೆ, ಕೆಲಸಕ್ಕೂ ಸೇರುತ್ತಾರೆ. ಆದರೆ ಬಹುಮಟ್ಟಿಗೆ ಪುರವಣಿ, ಅಡಿಗೆ, ಆರೋಗ್ಯದ ಪುಟಗಳು ಅವರ ಪಾಲಿಗೆ. ರಾಜಕೀಯ ವರದಿ, ಸಂಪಾದಕನ ಕುರ್ಚಿ ಗಂಡಸರ ಪಾಲಿಗೆ. ದಿನಪತ್ರಿಕೆ ಸಿದ್ಧವಾಗುವುದು ರಾತ್ರಿ. ರಾತ್ರಿ ಪಾಳಿ ಕೊಡದಿದ್ದರೆ ಅವಳು ಕೆಲಸ ಕಲಿಯುವುದು ಹೇಗೆ? ಕೊಟ್ಟೂ ಮನೆ ಸೇರಲು ಗಾಡಿ ಕೊಡದಿದ್ದರೆ ಕೆಲಸದಲ್ಲಿ ನಿಲ್ಲುವುದು ಹೇಗೆ?

ಗಿರಣಿಯಲ್ಲಿ ದುಡಿದವರಿಗೆ ಈ ಮಾತು ಹೊಸದಲ್ಲ. 1948ರ ಕಾರ್ಖಾನೆ ಕಾಯಿದೆ ರಾತ್ರಿ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರನ್ನು ದುಡಿಸಕೂಡದೆಂದಿತ್ತು. ರಕ್ಷಣೆಗೆಂದು ಬಂದ ಇಂಥ ನಿಯಮವೇ ‘ಹೆಣ್ಣಾಳು ಬೇಡ’ ಎನ್ನುವ ಮಾಲೀಕನಿಗೆ ನೆಪವೂ ಆಗಬಲ್ಲದು.

ಹೆರಿಗೆ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಲಾಯಿತು. ಸಂತೋಷ. ಆದರೆ ಸುದ್ದಿಗಿಷ್ಟು ಎಂದು ಬಿಡಿ ಕಾಸು ಪಡೆಯುವ ವರದಿಗಾರ್ತಿಗೆ ಆ ರಜೆ ಎಲ್ಲಿಂದ ಬರಬೇಕು? ಗಿರಣಿಯ ಬದಲಿ ಆಳಿನ ಪಾಡೇ ಅವಳ ಪಾಡು. ಹತ್ತು ಮಂದಿ ದುಡಿಯುವಲ್ಲಿ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕೆಂದು 2013ರ ಕಾಯಿದೆ ಹೇಳಿತು. ದೂರು ಕೊಟ್ಟವಳ ಕೆಲಸ ಉಳಿದೀತೆಂಬ ಧೈರ್ಯ ಕೊಡಬೇಕಾದುದು ಸಂಘ.

ಇದರಲ್ಲಿ ನಮ್ಮ ಹಿತವೂ ಇದೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವಳ, ಬೀಡಿ ಕಟ್ಟುವವಳ, ಗಾರ್ಮೆಂಟಿನಲ್ಲಿ ಹೊಲಿಯುವವಳ ಕಷ್ಟ ಅಚ್ಚಾಗಬೇಕಾದರೆ, ಅವಳು ಬಾಯಿಬಿಟ್ಟು ಹೇಳಿಕೊಳ್ಳಬಲ್ಲ ಒಬ್ಬ ಹೆಂಗಸು ಪತ್ರಿಕೆಯಲ್ಲಿರಬೇಕು.

ಆದುದರಿಂದ ನಮ್ಮ ಬೇಡಿಕೆ ಇಷ್ಟು: ಸಮಾನ ಕೆಲಸಕ್ಕೆ ಸಮಾನ ಕೂಲಿ, ಕಾಯಂ ನೇಮಕ, ರಾತ್ರಿ ಪಾಳಿಗೆ ಗಾಡಿ, ಸಂಪಾದಕ ಮಂಡಲಿಯಲ್ಲಿ ಜಾಗ. ಈ ಬೇಡಿಕೆ ದೊಡ್ಡ ಪತ್ರಿಕೆಗಳಿಗೂ ಒಂದೇ, ನಮ್ಮ ಈ ವಾರಪತ್ರಿಕೆಗೂ ಒಂದೇ. ನಿಮ್ಮ ಮನೆಯ ಹೆಣ್ಣುಮಗಳು ಬರೆಯುತ್ತೇನೆಂದರೆ ತಡೆಯಬೇಡಿ, ಕಳುಹಿಸಿಕೊಡಿ.