ಪ್ಲೇಗು ತುಂಬಿಸಿದ ಬಡಾವಣೆಗಳು



ನಗರದ ಆರೋಗ್ಯವೆಂದರೆ ಆಸ್ಪತ್ರೆ, ವೈದ್ಯರು, ಔಷಧಿ ಎಂಬ ಭಾವನೆ ಸಾಮಾನ್ಯ. ರಸ್ತೆ ಎಷ್ಟು ಅಗಲವಿರಬೇಕು, ಮನೆಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದೂ ಆರೋಗ್ಯದ ಪ್ರಶ್ನೆಯೇ. ಬೆಂಗಳೂರಿಗೆ ಈ ಪಾಠ ಕಲಿಸಿದ್ದು ಪ್ಲೇಗು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಪೇಟೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಮುಂದೆ ಅಂಗಡಿ, ಹಿಂದೆ ಧಾನ್ಯದ ಮೂಟೆ, ಅಲ್ಲೇ ಸಂಸಾರ. ಇಲಿಗೆ ಇದಕ್ಕಿಂತ ಅನುಕೂಲದ ತಾಣ ಬೇರೆ ಬೇಕೆ? ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹೂಡಿದರು. ಪ್ಲೇಗು ಮಾರಿಯಮ್ಮನಿಗೆ ಗುಡಿಗಳೂ ಎದ್ದವು.

ಬಸವನಗುಡಿ, ಮಲ್ಲೇಶ್ವರಗಳನ್ನು ಪ್ಲೇಗೇ ಕಟ್ಟಿಸಿತೆಂಬ ಮಾತಿದೆ. ಅದು ಪೂರ್ತಿ ನಿಜವಲ್ಲ. 1890ರ ದಶಕದ ಆರಂಭದಲ್ಲೇ ಅವುಗಳ ಯೋಜನೆಯಾಗಿತ್ತು. ಪೇಟೆ ಬಿಡಲು ಒಪ್ಪದ ಜನರನ್ನು ಅತ್ತ ಓಡಿಸಿದ್ದು ಪ್ಲೇಗಿನ ಭಯ. ನೇರ ರಸ್ತೆ, ಮನೆಯ ಸುತ್ತ ಬಯಲು, ಗಾಳಿ ಬೆಳಕು. ದಂಡು ಪ್ರದೇಶದಲ್ಲೂ ಇದೇ ವಿಚಾರದಿಂದ ಫ್ರೇಜರ್ ಟೌನ್ ಬೆಳೆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಫ್ರೆಂಚ್ ವೈದ್ಯ ಸಿಮೋಂ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ. ಅದನ್ನು ವೈದ್ಯಲೋಕ ಒಪ್ಪಲು ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ಅಧಿಕಾರಿಗಳಲ್ಲಿ ಅನೇಕರು ದೂರಿದ್ದು ಕೆಟ್ಟ ಗಾಳಿಯನ್ನು, ಕೊಳಕನ್ನು. ಕಾರಣ ತಪ್ಪಿದರೂ ಮದ್ದು ಬಹುಮಟ್ಟಿಗೆ ಸರಿಯಾಗಿತ್ತು. ದೂರದೂರವಿದ್ದ, ಬೆಳಕು ಬೀಳುವ ಮನೆಗಳಲ್ಲಿ ಇಲಿಗೆ ನೆಲೆ ಕಡಿಮೆ.

ಮನೆಗಳ ಹಿಂದೆ ಒಂದು ಕಿರುಗಲ್ಲಿಯನ್ನೂ ಬಿಟ್ಟಿದ್ದರು. ಹಳಬರ ಬಾಯಲ್ಲಿ ಅದು 'ಕನ್ಸರ್ವೆನ್ಸಿ'. ಒಳಚರಂಡಿಯಿಲ್ಲದ ಆ ಕಾಲದಲ್ಲಿ ಪಾಯಖಾನೆ ಬಳಿಯಲು ಬರುವವರ ದಾರಿಯದು. ಮನೆಯವರ ಆರೋಗ್ಯ ಕಾದವರು ಮುಂದಿನ ರಸ್ತೆಯಲ್ಲಿ ಕಾಣಿಸಿಕೊಳ್ಳಬೇಕಿರಲಿಲ್ಲ! ನಿವೇಶನಗಳನ್ನೂ ಜಾತಿ, ಸಮುದಾಯಗಳಂತೆ ವಿಂಗಡಿಸಿದ್ದರು. ಆರೋಗ್ಯಕರ ಬಡಾವಣೆಗಳೆಂದು ಹೊಗಳುವಾಗ ಈ ಮಾತನ್ನು ನುಂಗಿಕೊಳ್ಳುವುದು ಸರಿಯಲ್ಲ.

1901ರಲ್ಲಿ ದಂಡೂ ಸೇರಿ ಬೆಂಗಳೂರಿನ ಜನಸಂಖ್ಯೆ ಸುಮಾರು 1.6 ಲಕ್ಷ. 2011ರ ಜನಗಣತಿಯಲ್ಲಿ 84 ಲಕ್ಷ ದಾಟಿತ್ತು. ಯೋಜನೆಗಿಂತ ಮುಂದೆ ಓಡಿದ ಊರು ರೆವಿನ್ಯೂ ನಿವೇಶನಗಳಲ್ಲಿ ಬೆಳೆಯಿತು. ಮೊದಲು ಮನೆ, ಆಮೇಲೆ ರಸ್ತೆ, ಎಷ್ಟೋ ವರ್ಷದ ಮೇಲೆ ಚರಂಡಿ, ನಲ್ಲಿ. ಅಲ್ಲಿಯವರೆಗೆ ಟ್ಯಾಂಕರು, ಸಂಪು, ಡ್ರಮ್ಮು.

ಇಲಿಯ ಸ್ಥಾನಕ್ಕೆ ಈಗ ಸೊಳ್ಳೆ ಬಂದಿದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಹೆಚ್ಚಾಗಿ ಕೊಳಚೆಯಲ್ಲಲ್ಲ, ಮನೆಯಲ್ಲಿ ಹಿಡಿದಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನಲ್ಲಿಯಲ್ಲಿ ದಿನವೂ ನೀರು ಬರುವ ಮನೆ ಡ್ರಮ್ಮನ್ನು ಖಾಲಿ ಮಾಡಿ ಉಜ್ಜಬಹುದು. ಮುಂದಿನ ಟ್ಯಾಂಕರು ಯಾವಾಗಲೋ ಎಂದು ಕಾಯುವ ಗೃಹಿಣಿ ತಳದ ನಾಲ್ಕು ಬಿಂದಿಗೆ ನೀರನ್ನು ಚೆಲ್ಲಿಯಾಳೆ?

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಗೊತ್ತುಮಾಡಿತು. ಎಚ್ಚರಿಸಲು ದಂಡ ಬೇಕಾದೀತು. ಆದರೆ ಡ್ರಮ್ಮಿನ ಲೆಕ್ಕ ಕೇಳಲು ಬಂದವರು, ಆ ಬೀದಿಗೆ ನಲ್ಲಿ ಏಕೆ ಬರಲಿಲ್ಲವೆಂಬುದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಂಡು ಹೋಗಬೇಕು.