ರೋಗಶೇಷ



ಶಾಸ್ತ್ರವಿಷಯವೊಂದನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದ್ದಿತು. ಆದರೆ ನಿನ್ನೆ ದಾಸೋಹದ ಹೊತ್ತಿನಲ್ಲಿ ನಡೆದ ಸಂಗತಿಯೊಂದು ನನ್ನ ವಿಷಯವನ್ನು ಬದಲಿಸಿತು. ವೃದ್ಧ ತಾಯಿಯೊಬ್ಬರು ತಮ್ಮ ಮಗನನ್ನು ಪಂಕ್ತಿಯಿಂದ ದೂರ, ಕಂಬದ ಮರೆಯಲ್ಲಿ ಕುಳ್ಳಿರಿಸಿದ್ದರು. ಕಾರಣವನ್ನು ಕೇಳಲಾಗಿ, “ಶಾಸ್ತ್ರಿಗಳೇ, ಇವನಿಗೆ ಬಿ ಕಾಮಾಲೆಯಿಂದ ಲಿವರಿನ ಕ್ಯಾನ್ಸರಾಗಿತ್ತು. ಸೊಸೆ ತನ್ನ ಲಿವರಿನಲ್ಲಿ ಪಾಲು ಕೊಟ್ಟು ಉಳಿಸಿಕೊಂಡಳು. ಬೇನೆ ಹೋಯಿತೆಂದು ಇವನು ಮಾತ್ರೆ ಬಿಟ್ಟು ತಿಂಗಳಾಯಿತು. ಆದರೂ ನಂಜು ಮಂದಿಗೆ ಹತ್ತೀತೆಂದು ನನಗೆ ಅಂಜಿಕೆ” ಎಂದರು. ಆ ತಾಯಿ ಅಂಜಬೇಕಿಲ್ಲದಲ್ಲಿ ಅಂಜಿದ್ದರು; ಅಂಜಬೇಕಾದಲ್ಲಿ ಅಂಜಿರಲಿಲ್ಲ. ಈ ತಪ್ಪು ಅವರೊಬ್ಬರದೇ ಅಲ್ಲವಾದುದರಿಂದ ಇದನ್ನೇ ಇಂದು ಅರಿಕೆ ಮಾಡಿಕೊಳ್ಳುವೆನು.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಅರ್ಬುದವನ್ನು ಶೇಷವುಳಿಯದಂತೆ ತೆಗೆಯಬೇಕೆಂದೂ ಶೇಷವುಳಿದರೆ ಅದು ಬೇಗನೆ ಮರಳಿ ಹುಟ್ಟುವುದೆಂದೂ ಹೇಳಿದೆ. ಇಡೀ ಯಕೃತ್ತನ್ನೇ ತೆಗೆದು ಬೇರೊಂದನ್ನು ಇಟ್ಟರೆ ಶೇಷವೆಲ್ಲಿಂದ ಬಂದೀತು ಎಂದು ತಾವು ಕೇಳಬಹುದು. ಇದಕ್ಕೆ ಉತ್ತರವನ್ನು ಅನುಭವವೇ ಕೊಟ್ಟಿದೆ. ಅಮೇರಿಕೆಯ ಡೆನ್ವರ್ ನಗರದಲ್ಲಿ ಡಾಕ್ಟರ್ ಥಾಮಸ್ ಸ್ಟಾರ್ಜಲ್ ಎಂಬವರು ೧೯೬೩ರಲ್ಲಿ ಮಾನವನಿಗೆ ಮೊದಲ ಯಕೃತ್ತಿನ ಕಸಿಯನ್ನು ಪ್ರಯತ್ನಿಸಿದರು. ಆ ಮಗು ಉಳಿಯಲಿಲ್ಲ. ೧೯೬೭ರಲ್ಲಿ, ಯಕೃತ್ತಿನ ಕ್ಯಾನ್ಸರಿದ್ದ, ಎರಡು ವರ್ಷ ತುಂಬದ ಹೆಣ್ಣುಮಗುವೊಂದಕ್ಕೆ ಕಸಿ ಮಾಡಲು, ಅದು ಒಂದು ವರ್ಷಕ್ಕೂ ಮಿಗಿಲಾಗಿ ಬದುಕಿತು. ಕಡೆಗೆ ಅದನ್ನು ಕೊಂಡೊಯ್ದುದು ಮರಳಿ ಬಂದ ಆ ಹಳೆಯ ಕ್ಯಾನ್ಸರೇ. ಅರ್ಬುದದ ಕಣಗಳು ಶಸ್ತ್ರಕ್ಕೆ ಮುಂಚೆಯೇ ರಕ್ತದೊಡನೆ ಹರಿದು ಶ್ವಾಸಕೋಶದಲ್ಲಿಯೋ ಎಲುಬಿನಲ್ಲಿಯೋ ಅಡಗಿರಬಲ್ಲವು. ಹೊಸ ಯಕೃತ್ತಿನಲ್ಲಿಯೂ ಬೇರೂರಬಲ್ಲವು. ಅನ್ಯರ ಅಂಗವನ್ನು ದೇಹವು ತಳ್ಳದಿರಲೆಂದು ಕೊಡುವ ಔಷಧವು ದೇಹದ ಕಾವಲನ್ನೇ ಸಡಿಲಿಸುವುದರಿಂದ ಅವುಗಳಿಗೆ ಅವಕಾಶವು ಹೆಚ್ಚುವುದು.

ಆದಕಾರಣ ಯಾರಿಗೆ ಕಸಿಯು ಹಿತವೆಂಬುದನ್ನು ಅಳೆಯಬೇಕಾಯಿತು. ೧೯೯೬ರಲ್ಲಿ ಇಟಲಿಯ ಮಿಲಾನ್ ನಗರದ ಮಜ್ಜಾಫೆರ್ರೊ ಎಂಬ ವೈದ್ಯರು ಒಂದು ಮಿತಿಯನ್ನು ಪ್ರಕಟಿಸಿದರು. ಗಂಟು ಒಂದೇ ಇದ್ದರೆ ೫ ಸೆಂಟಿಮೀಟರನ್ನು ಮೀರಿರಬಾರದು. ಎರಡು ಮೂರಿದ್ದರೆ ಒಂದೊಂದೂ ೩ ಸೆಂಟಿಮೀಟರಿನೊಳಗಿರಬೇಕು. ದೊಡ್ಡ ರಕ್ತನಾಳಗಳನ್ನು ಹೊಕ್ಕಿರಬಾರದು. ಹೀಗೆ ಆರಿಸಿದ ೪೮ ಮಂದಿಯಲ್ಲಿ ೪ ವರ್ಷಗಳ ಬಳಿಕ ನೂರಕ್ಕೆ ೭೫ರಷ್ಟು ಜನ ಬದುಕಿದ್ದರು. ಈ ಮಿತಿಯೊಳಗಿದ್ದವರಲ್ಲಿಯೂ ಕೆಲವರಿಗೆ ರೋಗವು ಮರಳುವುದುಂಟು. ಮರಳುವುದು ಬಹುಮಟ್ಟಿಗೆ ಮೊದಲ ಎರಡು ಮೂರು ವರ್ಷಗಳಲ್ಲಿ. ಆ ಕಾಲದಲ್ಲಿ ಸ್ಕ್ಯಾನ್ ಪರೀಕ್ಷೆಗೂ ರಕ್ತಪರೀಕ್ಷೆಗೂ ತಪ್ಪಿಸಿಕೊಳ್ಳುವುದು, ಕಳ್ಳನು ಬರುವ ರಾತ್ರಿಯೇ ದೀಪವನ್ನು ಆರಿಸಿದಂತೆ.

ಇನ್ನು ಕಾಮಾಲೆಯ ವಿಷ. ಬಿ ವಿಷಾಣುವಿನ ಗುರುತನ್ನು ೧೯೬೦ರ ದಶಕದಲ್ಲಿ ಕಂಡುಹಿಡಿದ ಬ್ಲಂಬರ್ಗ್ ಅವರಿಗೆ ೧೯೭೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ವಿಷಾಣುವು ಯಕೃತ್ತಿನ ಹೊರಗೂ ದೇಹದಲ್ಲಿ ಅಡಗಿರುವುದು. ರಕ್ಷಣೋಪಾಯವಿಲ್ಲದ ಕಾಲದಲ್ಲಿ ಅದು ಬಹುಪಾಲು ರೋಗಿಗಳ ಹೊಸ ಯಕೃತ್ತನ್ನೂ ಆವರಿಸುತ್ತಿದ್ದಿತು. ಪ್ರತಿವಿಷದ ಚುಚ್ಚುಮದ್ದು, ಆಮೇಲೆ ಎಂಟೆಕಾವಿರ್, ಟೆನೊಫೊವಿರ್ ಮುಂತಾದ ಮಾತ್ರೆಗಳು ಬಂದ ಮೇಲೆ ಈ ಮರುಕಳಿಕೆಯು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿದಿದೆ. ಆದರೆ ಈ ಮಾತ್ರೆಗಳು ವಿಷಾಣುವನ್ನು ಕಟ್ಟಿಹಾಕುವುವೇ ಹೊರತು ನಿರ್ಮೂಲ ಮಾಡಲಾರವು. ಹಗ್ಗವನ್ನು ಬಿಟ್ಟರೆ ಹೋರಿಯು ಮತ್ತೆ ಪೈರಿಗೆ ನುಗ್ಗುವುದು. ಸಿ ವಿಷಾಣುವಿನ ಮಾತು ಬೇರೆ. ೧೯೮೯ರಲ್ಲಿ ಗುರುತಿಸಲ್ಪಟ್ಟ ಅದು, ರಕ್ತದಲ್ಲಿದ್ದವರೆಲ್ಲರ ಹೊಸ ಯಕೃತ್ತಿಗೂ ಮರಳುತ್ತಿದ್ದಿತು. ೨೦೧೩ರ ಕಡೆಯಲ್ಲಿ ಬಂದ ಸೊಫೊಸ್ಬುವಿರ್ ಮೊದಲಾದ ಔಷಧಗಳನ್ನು ಕೆಲವು ವಾರಗಳ ಕಾಲ ಸೇವಿಸುವುದರಿಂದ ಈಗ ಬಹುತೇಕ ಎಲ್ಲರಲ್ಲಿಯೂ ಅದು ನಿರ್ಮೂಲವಾಗುತ್ತದೆ. ಅದಕ್ಕೆ ಲಸಿಕೆ ಮಾತ್ರ ಇಲ್ಲ.

ಬಿ, ಸಿ ಎರಡೂ ಸಹಪಂಕ್ತಿಯ ಊಟದಿಂದ ಅಂಟುವುವಲ್ಲ. ರಕ್ತ, ಹೊಲಸು ಸೂಜಿ, ಒಬ್ಬರ ಕ್ಷೌರದ ಕತ್ತಿಯನ್ನು ಇನ್ನೊಬ್ಬರು ಬಳಸುವುದು, ದಾಂಪತ್ಯ, ಹೆರಿಗೆ, ಇವೇ ಅವುಗಳ ದಾರಿಗಳು. ಆದುದರಿಂದ ರೋಗಿಯನ್ನು ಕಂಬದ ಮರೆಯಲ್ಲಿ ಕೂರಿಸಬೇಡಿರಿ. ಮನೆಯವರೆಲ್ಲರ ರಕ್ತವನ್ನು ಪರೀಕ್ಷೆ ಮಾಡಿಸಿರಿ. ಹುಟ್ಟಿದ ಕೂಸಿಗೆ ೨೪ ಗಂಟೆಯೊಳಗೆ ಬಿ ಲಸಿಕೆಯನ್ನು ಹಾಕಿಸಿರಿ. ನಮ್ಮ ದೇಶದಲ್ಲಿ ೨೦೧೮ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಈ ರೋಗಗಳ ಪರೀಕ್ಷೆಯೂ ಔಷಧವೂ ಸರಕಾರದ ಚಿಕಿತ್ಸಾಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಪಾಠಶಾಲೆಯಲ್ಲಿ ವೈದ್ಯಗ್ರಂಥಗಳನ್ನೂ ಓದಿದ ನಾನು ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಕಸಿಯಾದವರು ವೈದ್ಯರನ್ನು ಕೇಳದೆ ಯಾವ ನಾರುಬೇರಿನ ಕಷಾಯವನ್ನೂ ಕುಡಿಯಬಾರದು. ಒಂದು ಔಷಧವು ಇನ್ನೊಂದರ ಬಲವನ್ನು ಕುಗ್ಗಿಸಬಹುದು, ಹೆಚ್ಚಿಸಿ ವಿಷವನ್ನಾಗಿಯೂ ಮಾಡಬಹುದು.

ನಿನ್ನೆ ಆ ಮಗನಿಗೆ ಇಷ್ಟನ್ನೇ ಹೇಳಿದೆನು: “ತಮ್ಮಾ, ನಿನ್ನ ಹೆಂಡತಿ ಕೊಟ್ಟ ಮೇಲೆ ಅವಳ ಯಕೃತ್ತು ಕೆಲವು ತಿಂಗಳಲ್ಲಿ ಬೆಳೆದು ತುಂಬಿಕೊಂಡೀತು. ನಿನ್ನಲ್ಲಿರುವುದು ಕೆಟ್ಟರೆ ಮತ್ತೊಮ್ಮೆ ಕೊಡಲು ಅವಳಲ್ಲಿ ಪಾಲಿಲ್ಲ.” ಆತನು ತಲೆತಗ್ಗಿಸಿದನು, ಇಂದು ಮುಂಜಾನೆಯ ಗಾಡಿಗೆ ತಾಯಿಮಗ ಇಬ್ಬರೂ ತಮ್ಮ ವೈದ್ಯರ ಬಳಿಗೆ ಹೊರಟುಹೋದರು. ಹೊರಡುವ ಮುಂಚೆ ಆತನನ್ನು ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿಯೇ ಕುಳ್ಳಿರಿಸಿಕೊಂಡು ಪ್ರಸಾದವನ್ನು ಸ್ವೀಕರಿಸಿದೆನು.

ಸಾಲದ ಶೇಷವನ್ನೂ ಬೆಂಕಿಯ ಶೇಷವನ್ನೂ ಅಲಕ್ಷಿಸಬಾರದೆಂದು ತಾವೆಲ್ಲರೂ ಬಲ್ಲಿರಿ. ರೋಗದ ಶೇಷವನ್ನೂ ಹಾಗೆಯೇ ಕಾಣಿರೆಂದು ವಿಜ್ಞಾಪಿಸಿ ನನ್ನ ಮಾತನ್ನು ಮುಗಿಸುವೆನು.